ಮೆಮೊರಿ ಕೇಳಿದ್ದು ಯಾರು, ಎಷ್ಟು, ಎಂಥದ್ದು?

ಪುಟ್ಟ ಲಿನಕ್ಸ್ ಬೋರ್ಡ್‌ಗಳಲ್ಲಿ ಮೆಮೊರಿ ತೊಂದರೆಯ ಮೂಲ ಹುಡುಕುವ ಒಂಬತ್ತು ಹಂತಗಳು

ಮೇಜಿನ ಮೇಲಿದ್ದಷ್ಟು ದಿನ ಬೋರ್ಡ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದನ್ನು ಪಂಪ್‌ಹೌಸ್‌ನಲ್ಲೋ ಟವರಿನ ಬುಡದಲ್ಲೋ ಕೂರಿಸಿ ಬಂದ ಮೇಲೆ ವಾರ, ಹತ್ತು ದಿನಕ್ಕೊಮ್ಮೆ ಡೇಟಾ ಬರುವುದು ನಿಲ್ಲುತ್ತದೆ. ಯಾರಾದರೂ ಹೋಗಿ ಪವರ್ ತೆಗೆದು ಹಾಕಿದರೆ ಮತ್ತೆ ಎಲ್ಲ ಸರಿ. ಎಂಬೆಡೆಡ್ ಕೆಲಸದಲ್ಲಿರುವವರಿಗೆಲ್ಲ ಪರಿಚಯವಿರುವ ದೂರು ಇದು. ಬಹಳ ಸಲ ಇದರ ಹಿಂದಿರುವುದು ಮೆಮೊರಿ. ಯಾವುದೋ ಪ್ರೋಸೆಸ್ಸೋ ಡ್ರೈವರ್ರೋ ಕೇಳಿತು, ಕರ್ನಲ್‌ಗೆ ಕೊಡಲಾಗಲಿಲ್ಲ.

ಇಂಥ ದೂರು ಬಂದಾಗ ಎರಡು ಸುಲಭದ ದಾರಿಗಳು ಕಣ್ಣಿಗೆ ಬೀಳುತ್ತವೆ. ದಿನಾ ಮಧ್ಯರಾತ್ರಿ ತಾನಾಗಿ ರೀಬೂಟ್ ಆಗುವಂತೆ ಸ್ಕ್ರಿಪ್ಟ್ ಹಾಕುವುದು ಒಂದು. ಮುಂದಿನ ಬೋರ್ಡಿಗೆ ಇನ್ನಷ್ಟು ರ್‍ಯಾಮ್ ಕೇಳುವುದು ಇನ್ನೊಂದು. ಎರಡರಿಂದಲೂ ತಪ್ಪು ಮುಂದಕ್ಕೆ ಹೋಗುತ್ತದೆ, ಇಲ್ಲವಾಗುವುದಿಲ್ಲ. ಮೆಮೊರಿ ಕೊಡಲಾಗದೆ ಸೋತ ಹೊತ್ತಿನಲ್ಲಿ ಲಿನಕ್ಸ್ ಕರ್ನಲ್ ಸುಮ್ಮನಿರುವುದಿಲ್ಲ. ಕೇಳಿದ್ದು ಯಾರು, ಎಷ್ಟು ಕೇಳಿದರು, ಎಂಥ ಮೆಮೊರಿ ಕೇಳಿದರು ಎಂಬ ಮೂರನ್ನೂ ಲಾಗ್‌ನಲ್ಲಿ ಬರೆದಿಡುತ್ತದೆ. ಕೋಡ್‌ಗೆ ಕೈ ಹಾಕುವ ಮೊದಲು ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡರೆ ಹುಡುಕಾಟದ ಅರ್ಧ ದಾರಿ ಸವೆದಂತೆ. ಡ್ರೈವರ್ ಕೆಲಸಕ್ಕೆ ಈಗಷ್ಟೇ ಇಳಿದಿರುವ ಎಂಜಿನಿಯರುಗಳಿಗೂ ಪ್ರಾಜೆಕ್ಟ್ ಮಾಡುತ್ತಿರುವ ವಿದ್ಯಾರ್ಥಿಗಳಿಗೂ ಆ ಹುಡುಕಾಟದ ಕ್ರಮವನ್ನು ಇಲ್ಲಿ ಹೇಳಿದೆ. ಉದಾಹರಣೆಗೆ 64 ಎಂಬಿ ರ್‍ಯಾಮ್ ಇರುವ, ಸ್ವಾಪ್ ಇಲ್ಲದ ಒಂದು ಗೇಟ್‌ವೇ ಬೋರ್ಡನ್ನು ಇಟ್ಟುಕೊಳ್ಳೋಣ.

ಮೊದಲು ತಿಳಿದಿರಬೇಕಾದ ನಾಲ್ಕು ಮಾತು

ಒಂದು: ಕರ್ನಲ್ ಮೆಮೊರಿಯನ್ನು ಪೇಜ್‌ಗಳ ಲೆಕ್ಕದಲ್ಲಿ ಹಂಚುತ್ತದೆ. ಒಂದು ಪೇಜ್ ಸಾಮಾನ್ಯವಾಗಿ 4 ಕೆಬಿ. ಒಟ್ಟಿಗೆ ಅಂಟಿಕೊಂಡ ಪೇಜ್‌ಗಳು ಬೇಕಾದಾಗ 1, 2, 4, 8, 16 ಹೀಗೆ ಇಮ್ಮಡಿಯಾಗುತ್ತ ಹೋಗುವ ಗುಂಪುಗಳಲ್ಲಿ ಕೊಡುತ್ತದೆ. ಈ ಗುಂಪಿನ ಗಾತ್ರಕ್ಕೆ ‘ಆರ್ಡರ್’ ಎಂದು ಹೆಸರು. ಆರ್ಡರ್ 0 ಎಂದರೆ ಒಂದೇ ಪೇಜ್, ಆರ್ಡರ್ 4 ಎಂದರೆ 16 ಪೇಜ್, ಅಂದರೆ 64 ಕೆಬಿ.

ಎರಡು: ಪ್ರೋಸೆಸ್ ಒಂದು ಮ್ಯಾಲಕ್ ಕರೆದಾಗ ನಿಜವಾದ ರ್‍ಯಾಮ್ ಆಗಲೇ ಸಿಗುವುದಿಲ್ಲ. ಸಿಗುವುದು ವಿಳಾಸ ಮಾತ್ರ. ಆ ವಿಳಾಸದಲ್ಲಿ ಮೊದಲ ಸಲ ಬರೆದಾಗಲೇ ಪೇಜ್ ಫಾಲ್ಟ್ ಆಗಿ ರ್‍ಯಾಮ್ ಖರ್ಚಾಗುವುದು. ಹೀಗಾಗಿ ಮ್ಯಾಲಕ್ ಯಶಸ್ವಿಯಾಗಿದ್ದರೂ ಪ್ರೋಸೆಸ್ ಆಮೇಲೆ ಸಾಯಬಹುದು.

ಮೂರು: ಕರ್ನಲ್ ಒಳಗಿನ ಕೆಮ್ಯಾಲಕ್‌ಗೆ ಈ ಸಾಲದ ವ್ಯವಹಾರವಿಲ್ಲ. ಕೇಳಿದ ಕ್ಷಣವೇ ಅಂಟಿಕೊಂಡಿರುವ ನಿಜವಾದ ರ್‍ಯಾಮ್ ಸಿಗಬೇಕು. ವಿಮ್ಯಾಲಕ್ ಬೇರೆ ಬೇರೆ ಕಡೆಯ ಪೇಜ್‌ಗಳನ್ನು ಹೆಕ್ಕಿ ವಿಳಾಸದಲ್ಲಿ ಮಾತ್ರ ಒಟ್ಟಾಗಿ ಕಾಣುವಂತೆ ಜೋಡಿಸಿಕೊಡುತ್ತದೆ.

ನಾಲ್ಕು: ಕೇಳುವವರು ಕಾಯಬಲ್ಲರೋ ಇಲ್ಲವೋ ಎಂಬುದೂ ಮುಖ್ಯ. ಜಿಎಫ್‌ಪಿ ಕರ್ನಲ್ ಎಂಬ ಗುರುತಿನೊಂದಿಗೆ ಕೇಳಿದರೆ ಕರ್ನಲ್ ಹಳೆಯ ಕ್ಯಾಶ್ ಖಾಲಿ ಮಾಡಿ, ಸ್ವಲ್ಪ ತಡವಾದರೂ ಕೊಡುತ್ತದೆ. ಇಂಟರಪ್ಟ್ ಒಳಗಿನಿಂದ ಜಿಎಫ್‌ಪಿ ಅಟಾಮಿಕ್ ಎಂದು ಕೇಳಿದರೆ ಕಾಯುವಂತಿಲ್ಲ. ಕೈಯಲ್ಲಿದ್ದರೆ ಕೊಡಬೇಕು, ಇಲ್ಲದಿದ್ದರೆ ಇಲ್ಲ ಎನ್ನಬೇಕು.

ಹಂತ 1: ಸಾಕ್ಷ್ಯ ಉಳಿಸಿಕೊಳ್ಳಿ

ರೀಬೂಟ್ ಆದ ಬೋರ್ಡ್‌ನಲ್ಲಿ ಡಿಮೆಸೇಜ್ ಕೊಟ್ಟರೆ ಹೊಸ ಬೂಟ್‌ನ ಸಾಲುಗಳಷ್ಟೇ ಕಾಣುತ್ತವೆ. ಬೇಕಾದ ಲಾಗ್ ರ್‍ಯಾಮ್‌ನ ಜೊತೆಗೇ ಹೋಗಿರುತ್ತದೆ. ಆದ್ದರಿಂದ ಮೊದಲ ಕೆಲಸ ಲಾಗ್ ಉಳಿಯುವ ವ್ಯವಸ್ಥೆ.

ಸೀರಿಯಲ್ ಕನ್ಸೋಲ್ ಇದ್ದರೆ ಅದಕ್ಕೊಂದು ಲ್ಯಾಪ್‌ಟಾಪನ್ನೋ ಸಣ್ಣ ಲಾಗರನ್ನೋ ಸಿಕ್ಕಿಸಿ, ಬಂದದ್ದನ್ನೆಲ್ಲ ಸಮಯದೊಂದಿಗೆ ಫೈಲಿಗೆ ಬರೆಯಿಸಿ. ದೂರದ ಜಾಗದಲ್ಲಿದ್ದರೆ ಪಿಸ್ಟೋರ್ ಮತ್ತು ರ್‍ಯಾಮ್‌ಊಪ್ಸ್ ಆನ್ ಮಾಡಿ. ರ್‍ಯಾಮ್‌ನ ಒಂದು ತುಂಡನ್ನು ಕರ್ನಲ್ ಬಳಸದಂತೆ ಮೀಸಲಿಟ್ಟು, ಪ್ಯಾನಿಕ್ ಹೊತ್ತಿನ ಲಾಗನ್ನು ಅದರಲ್ಲಿ ಬರೆಯುವ ಏರ್ಪಾಡು ಅದು. ಪವರ್ ಹೋಗದೆ ರೀಬೂಟ್ ಆದರೆ ಮುಂದಿನ ಬೂಟ್‌ನಲ್ಲಿ ಆ ಲಾಗ್ ಫೈಲ್ ರೂಪದಲ್ಲಿ ಸಿಗುತ್ತದೆ. ಪವರ್ ಪೂರ್ತಿ ತೆಗೆದರೆ ಸಿಗುವುದಿಲ್ಲ ಎಂಬುದನ್ನು ಸ್ಥಳದಲ್ಲಿರುವ ಸಿಬ್ಬಂದಿಗೆ ಮೊದಲೇ ಹೇಳಿಡಿ.

ಜೊತೆಗೆ ಐದು ನಿಮಿಷಕ್ಕೊಮ್ಮೆ ಮೆಮ್‌ಇನ್ಫೊ, ಸ್ಲ್ಯಾಬ್‌ಇನ್ಫೊ, ಬಡಿಇನ್ಫೊ ಈ ಮೂರು ಪ್ರಾಕ್ ಫೈಲ್‌ಗಳನ್ನು ನಕಲು ಮಾಡುವ ಸಣ್ಣ ಸ್ಕ್ರಿಪ್ಟ್ ಓಡಿಸಿ. ಈ ನಕಲನ್ನು ಟೆಂಪ್ ಡೈರೆಕ್ಟರಿಯಲ್ಲಿ ಇಡಬೇಡಿ. ಬಹುತೇಕ ಸಣ್ಣ ಬೋರ್ಡ್‌ಗಳಲ್ಲಿ ಟೆಂಪ್ ಇರುವುದೇ ರ್‍ಯಾಮ್‌ನಲ್ಲಿ. ಅಳೆಯುವ ಸ್ಕ್ರಿಪ್ಟೇ ಮೆಮೊರಿ ತಿನ್ನತೊಡಗಿದರೆ ಲೆಕ್ಕ ಕೆಡುತ್ತದೆ. ನೆಟ್‌ವರ್ಕ್ ಮೂಲಕ ಬೇರೆ ಯಂತ್ರಕ್ಕೆ ಕಳಿಸುವುದು ಒಳ್ಳೆಯದು.

ಹಂತ 2: ಲಾಗ್‌ನ ಸಾಲು ಸಾಲನ್ನೂ ಓದಿ

ಮೆಮೊರಿ ಸೋಲು ಲಾಗ್‌ನಲ್ಲಿ ಮುಖ್ಯವಾಗಿ ಎರಡು ಬಗೆಯಾಗಿ ಕಾಣಿಸಿಕೊಳ್ಳುತ್ತದೆ.

ಮೊದಲನೆಯದು ‘ಇನ್ವೋಕ್ಡ್ ಊಮ್ ಕಿಲ್ಲರ್’ ಎಂಬ ಸಾಲು. ರ್‍ಯಾಮ್ ನಿಜವಾಗಿಯೂ ಮುಗಿದಾಗ ಕರ್ನಲ್ ಯಾವುದಾದರೂ ಒಂದು ಪ್ರೋಸೆಸ್ಸನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ. ಹೊಸಬರು ಎಡವುವುದು ಇಲ್ಲೇ. ಈ ಸಾಲಿನಲ್ಲಿ ಹೆಸರಿರುವ ಪ್ರೋಸೆಸ್, ಮೆಮೊರಿ ಮುಗಿದ ಹೊತ್ತಿನಲ್ಲಿ ಕೇಳಿದ್ದು ಅಷ್ಟೇ. ಅದು ಒಂದೇ ಒಂದು ಪೇಜ್ ಕೇಳಿದ ಪಾಪದ ಪ್ರೋಸೆಸ್ ಇರಬಹುದು. ಸತ್ತದ್ದು ಯಾರು ಎಂಬುದು ಕೊನೆಯಲ್ಲಿ, ‘ಕಿಲ್ಡ್ ಪ್ರೋಸೆಸ್’ ಎಂಬ ಸಾಲಿನಲ್ಲಿ ಇರುತ್ತದೆ. ತಿಂದದ್ದು ಯಾರು ಎಂಬುದು ಇವೆರಡರ ನಡುವಿನ ಪಟ್ಟಿಯಲ್ಲಿ.

ಆ ಪಟ್ಟಿಯನ್ನು ಹತ್ತಿರದಿಂದ ನೋಡೋಣ. ಒಂದೊಂದು ಪ್ರೋಸೆಸ್ಸಿಗೂ ಒಂದೊಂದು ಸಾಲು; ಅದರಲ್ಲಿ ಪಿಐಡಿ, ಟೋಟಲ್ ವಿಎಂ (ಕೇಳಿದ ವಿಳಾಸಗಳ ಮೊತ್ತ), ಆರ್‌ಎಸ್‌ಎಸ್ (ನಿಜವಾಗಿ ಹಿಡಿದಿರುವ ರ್‍ಯಾಮ್), ಊಮ್ ಸ್ಕೋರ್ ಅಡ್ಜಸ್ಟ್, ಹೆಸರು. ಟೋಟಲ್ ವಿಎಂ ಮತ್ತು ಆರ್‌ಎಸ್‌ಎಸ್ ಇರುವುದು ಕೆಬಿಯಲ್ಲಿ ಅಲ್ಲ, ಪೇಜ್‌ಗಳಲ್ಲಿ. ಡೇಟಾ ಕಳಿಸುವ ಪ್ರೋಸೆಸ್ಸಿನ ಆರ್‌ಎಸ್‌ಎಸ್ ಅಂಕಣದಲ್ಲಿ 9400 ಎಂದಿದ್ದರೆ ಅದನ್ನು 4ರಿಂದ ಗುಣಿಸಿ: 37,600 ಕೆಬಿ. 64 ಎಂಬಿ ಬೋರ್ಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅದೊಂದೇ ಹಿಡಿದಿದೆ ಎಂದಾಯಿತು. ಪಟ್ಟಿಯ ಆರ್‌ಎಸ್‌ಎಸ್‌ಗಳನ್ನೆಲ್ಲ ಕೂಡಿಸಿದರೂ ಹತ್ತು ಎಂಬಿ ದಾಟದಿದ್ದರೆ, ತಿಂದದ್ದು ಯಾವ ಪ್ರೋಸೆಸ್ಸೂ ಅಲ್ಲ. ಕರ್ನಲ್ ಒಳಗೋ ರ್‍ಯಾಮ್‌ನಲ್ಲಿರುವ ಫೈಲ್‌ಗಳಲ್ಲೋ ಹುಡುಕಬೇಕು.

ಎರಡನೆಯದು ‘ಪೇಜ್ ಅಲೊಕೇಶನ್ ಫೇಲ್ಯೂರ್’ ಎಂಬ ಸಾಲು. ಇದರಲ್ಲಿ ಪ್ರೋಸೆಸ್ಸಿನ ಹೆಸರು, ಆರ್ಡರ್, ಜಿಎಫ್‌ಪಿ ಗುರುತು ಮೂರೂ ಇರುತ್ತವೆ. ಅಂದರೆ ಯಾರು, ಎಷ್ಟು, ಎಂಥದ್ದು ಎಂಬ ಮೂರೂ ಉತ್ತರ ಒಂದೇ ಸಾಲಿನಲ್ಲಿ. ಆರ್ಡರ್ 3ರವರೆಗಿನ, ಅಂದರೆ 32 ಕೆಬಿವರೆಗಿನ ಬೇಡಿಕೆಗೆ ಕರ್ನಲ್ ಸಾಕಷ್ಟು ಹೆಣಗುತ್ತದೆ, ಬೇಕಾದರೆ ಊಮ್ ಕಿಲ್ಲರನ್ನೂ ಕರೆಯುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಯಾರನ್ನೂ ಕೊಲ್ಲದೆ ಇಲ್ಲ ಎಂದುಬಿಡುತ್ತದೆ. ಆದ್ದರಿಂದ ಆರ್ಡರ್ 4 ಅಥವಾ 5 ಎಂದು ಕಂಡರೆ ನೇರವಾಗಿ ಹಂತ 6ಕ್ಕೆ ಹೋಗಿ. ಆರ್ಡರ್ 0 ಇದ್ದು ಗುರುತು ಅಟಾಮಿಕ್ ಆಗಿದ್ದರೆ, ಆ ಕ್ಷಣಕ್ಕೆ ಕೈಯಲ್ಲಿಟ್ಟುಕೊಂಡಿದ್ದ ಮೆಮೊರಿ ಸಾಲಲಿಲ್ಲ ಎಂದರ್ಥ. ನೆಟ್‌ವರ್ಕ್ ಡ್ರೈವರುಗಳಲ್ಲಿ ಒಮ್ಮೆಲೇ ಪ್ಯಾಕೆಟ್‌ಗಳು ನುಗ್ಗಿದಾಗ ಹೀಗಾಗುವುದುಂಟು. ಮಿನ್ ಫ್ರೀ ಕೆಬೈಟ್ಸ್ ಎಂಬ ವಿಎಂ ಸೆಟ್ಟಿಂಗನ್ನು ತುಸು ಏರಿಸಿದರೆ ಕರ್ನಲ್ ಹೆಚ್ಚು ಮೀಸಲು ಇಟ್ಟುಕೊಳ್ಳುತ್ತದೆ.

ಹಂತ 3: ಮೆಮ್‌ಇನ್ಫೊದ ಲೆಕ್ಕ ಕೂಡಿಸಿ

ಮೆಮ್‌ಇನ್ಫೊದ ‘ಮೆಮ್‌ಫ್ರೀ’ ನೋಡಿ ಗಾಬರಿಯಾಗಬೇಕಿಲ್ಲ. ಖಾಲಿ ರ್‍ಯಾಮನ್ನು ಲಿನಕ್ಸ್ ಫೈಲ್ ಕ್ಯಾಶ್‌ಗೆ ಬಳಸಿಕೊಳ್ಳುವುದರಿಂದ ಆ ಅಂಕಿ ಕಡಿಮೆ ಇರುವುದು ಸಹಜ. ನೋಡಬೇಕಾದದ್ದು ‘ಮೆಮ್‌ಅವೈಲಬಲ್’. 2014ರಲ್ಲಿ ಬಂದ 3.14 ಕರ್ನಲ್‌ನಿಂದ ಈ ಸಾಲು ಇದೆ. ಹೊಸದಾಗಿ ಕೇಳುವವರಿಗೆ ಎಷ್ಟು ಕೊಡಬಹುದು ಎಂಬ ಕರ್ನಲ್‌ನದೇ ಅಂದಾಜು ಅದು.

ಈಗ ಕಾಗದ ತೆಗೆದುಕೊಂಡು ಹೀಗೆ ಬರೆಯಿರಿ: ಪ್ರೋಸೆಸ್‌ಗಳ ಸ್ವಂತ ಮೆಮೊರಿ, ಅಂದರೆ ಅನಾನ್‌ಪೇಜಸ್; ಫೈಲ್ ಕ್ಯಾಶ್, ಅಂದರೆ ಕ್ಯಾಶ್ಡ್ ಮತ್ತು ಬಫರ್ಸ್; ಕ್ಯಾಶ್ಡ್ ಒಳಗೇ ಸೇರಿಕೊಂಡಿರುವ ಎಸ್‌ಎಚ್‌ಮೆಮ್; ಕರ್ನಲ್‌ನ ಚಿಕ್ಕ ಆಬ್ಜೆಕ್ಟ್‌ಗಳು, ಅಂದರೆ ಸ್ಲ್ಯಾಬ್; ಕರ್ನಲ್‌ಸ್ಟ್ಯಾಕ್; ಪೇಜ್‌ಟೇಬಲ್ಸ್. ಎಸ್‌ಎಚ್‌ಮೆಮ್ ಬಿಟ್ಟು ಉಳಿದವನ್ನೆಲ್ಲ ಮೆಮ್‌ಫ್ರೀ ಜೊತೆ ಕೂಡಿಸಿ, ಮೆಮ್‌ಟೋಟಲ್‌ನಿಂದ ಕಳೆಯಿರಿ. ಉಳಿಯುವ ಅಂಕಿಯೇ ಲೆಕ್ಕಕ್ಕೆ ಸಿಗದ ಮೆಮೊರಿ. ಡ್ರೈವರುಗಳು ಸ್ಲ್ಯಾಬ್ ದಾಟಿ ನೇರವಾಗಿ ತೆಗೆದುಕೊಂಡ ಪೇಜ್‌ಗಳು, ವಿಮ್ಯಾಲಕ್‌ನಿಂದ ಪಡೆದವು ಇದರಲ್ಲಿರುತ್ತವೆ.

ಇದನ್ನು ಬೂಟ್ ಆದ ಅರ್ಧ ಗಂಟೆಗೆ ಒಮ್ಮೆ, ಒಂದು ದಿನ ಕಳೆದ ಮೇಲೆ ಒಮ್ಮೆ ಮಾಡಿ. ಯಾವ ಸಾಲು ಏರುತ್ತ ಹೋಗಿದೆಯೋ ಅದೇ ದಾರಿ ತೋರಿಸುತ್ತದೆ. ಅನಾನ್‌ಪೇಜಸ್ ಏರಿದರೆ ಹಂತ 4. ಸ್ಲ್ಯಾಬ್‌ನ ಒಳಗೆ ‘ಎಸ್‌ಅನ್‌ರಿಕ್ಲೇಮ್’ ಏರಿದರೆ, ಅಥವಾ ಲೆಕ್ಕಕ್ಕೆ ಸಿಗದ ಭಾಗ ಏರಿದರೆ ಹಂತ 5. ಯಾವುದೂ ಏರದೆ ಬೇಡಿಕೆ ಸೋಲುತ್ತಿದ್ದರೆ ಹಂತ 6.

ಎಸ್‌ಎಚ್‌ಮೆಮ್ ಏರುತ್ತಿದ್ದರೆ ಮಾತ್ರ ಉತ್ತರ ಬಹುಶಃ ಇಲ್ಲೇ ಸಿಗುತ್ತದೆ. ಟೆಂಪ್‌ಎಫ್‌ಎಸ್, ಅಂದರೆ ರ್‍ಯಾಮ್‌ನಲ್ಲೇ ಇರುವ ಫೈಲ್ ಸಿಸ್ಟಮ್‌ನಲ್ಲಿರುವ ಫೈಲ್‌ಗಳ ಲೆಕ್ಕ ಈ ಸಾಲಿಗೆ ಬರುತ್ತದೆ. ಗಾತ್ರ ಹೇಳದೆ ಮೌಂಟ್ ಮಾಡಿದರೆ ಟೆಂಪ್‌ಎಫ್‌ಎಸ್ ರ್‍ಯಾಮ್‌ನ ಅರ್ಧದವರೆಗೆ ಬೆಳೆಯಬಲ್ಲದು. ಯಾರೋ ಡಿಬಗ್‌ಗೆಂದು ಆನ್ ಮಾಡಿ ಮರೆತ ಲಾಗ್ ಫೈಲ್ ಟೆಂಪ್‌ನಲ್ಲಿ ಬೆಳೆಯುತ್ತ ಹೋಗಿ ಬೋರ್ಡನ್ನು ಉರುಳಿಸುವುದು ತೀರ ಸಾಮಾನ್ಯ. ಡಿಎಫ್ ಕಮಾಂಡ್‌ನಿಂದ ಟೆಂಪ್‌ಎಫ್‌ಎಸ್ ಎಷ್ಟು ತುಂಬಿದೆ ನೋಡಿ. ಡಿಯು ಕಮಾಂಡ್ ಅಷ್ಟು ತೋರಿಸದಿದ್ದರೆ, ಅಳಿಸಿದ ಫೈಲನ್ನು ಯಾವುದೋ ಪ್ರೋಸೆಸ್ ಇನ್ನೂ ತೆರೆದಿಟ್ಟುಕೊಂಡಿದೆ. ಆ ಪ್ರೋಸೆಸ್ಸಿನ ಎಫ್‌ಡಿ ಡೈರೆಕ್ಟರಿಯಲ್ಲಿ ‘ಡಿಲೀಟೆಡ್’ ಎಂದು ಗುರುತು ಇರುತ್ತದೆ. ಟೆಂಪ್‌ಎಫ್‌ಎಸ್‌ಗೆ ಗಾತ್ರದ ಮಿತಿ ಹಾಕುವುದನ್ನು ಕಡ್ಡಾಯ ಮಾಡಿಕೊಳ್ಳಿ.

ಹಂತ 4: ಪ್ರೋಸೆಸ್ ತಿನ್ನುತ್ತಿದ್ದರೆ

ಟಾಪ್ ಕಮಾಂಡ್‌ನ ವಿಎಸ್‌ಜಡ್ ಅಂಕಣ ನೋಡಿ ತೀರ್ಮಾನಿಸಬೇಡಿ. ಅದು ಕೇಳಿದ ವಿಳಾಸಗಳ ಒಟ್ಟು ಮೊತ್ತ. ಆರ್‌ಎಸ್‌ಎಸ್ ನಿಜವಾಗಿ ಹಿಡಿದಿರುವುದು, ಆದರೆ ಹಂಚಿಕೊಂಡ ಲೈಬ್ರರಿಗಳನ್ನು ಪ್ರತಿ ಪ್ರೋಸೆಸ್ಸಿನ ಲೆಕ್ಕಕ್ಕೂ ಪೂರ್ತಿ ಸೇರಿಸುತ್ತದೆ. ನ್ಯಾಯವಾದ ಲೆಕ್ಕ ಪಿಎಸ್‌ಎಸ್‌ನದು. ಹಂಚಿಕೊಂಡದ್ದನ್ನು ಪಾಲು ಮಾಡಿ ತೋರಿಸುತ್ತದೆ. 4.14ರಿಂದೀಚಿನ ಕರ್ನಲ್‌ಗಳಲ್ಲಿ ಪ್ರತಿ ಪ್ರೋಸೆಸ್ಸಿನ ‘ಎಸ್‌ಮ್ಯಾಪ್ಸ್ ರೋಲಪ್’ ಫೈಲ್‌ನಲ್ಲಿ ಈ ಅಂಕಿ ಒಂದೇ ಕಡೆ ಸಿಗುತ್ತದೆ.

ಯಾವ ಪ್ರೋಸೆಸ್ ಎಂದು ಗೊತ್ತಾದ ಮೇಲೆ ಅದರ ಕೋಡನ್ನು ಪಿಸಿಯಲ್ಲಿ ಕಂಪೈಲ್ ಮಾಡಿ ವಾಲ್‌ಗ್ರಿಂಡ್ ಅಡಿಯಲ್ಲಿ ಓಡಿಸಿ, ಅಥವಾ ಅಡ್ರೆಸ್ ಸ್ಯಾನಿಟೈಜರ್ ಜೊತೆ ಕಟ್ಟಿ. 64 ಎಂಬಿ ಬೋರ್ಡ್ ಮೇಲೆ ಇವಕ್ಕೆ ಜಾಗ ಸಾಲುವುದಿಲ್ಲ. ಹಾರ್ಡ್‌ವೇರ್ ಮುಟ್ಟುವ ಭಾಗವನ್ನು ಬೇರ್ಪಡಿಸಿ ಬರೆದಿದ್ದರೆ ಪಿಸಿಯಲ್ಲಿ ಓಡಿಸುವುದು ಸುಲಭ; ಹೊಸ ಕೋಡ್ ಬರೆಯುವಾಗಲೇ ಇದನ್ನು ಯೋಚಿಸಿ.

ಕೋಡ್ ಓದುವಾಗ ಮೂರು ಕಡೆ ಕಣ್ಣಿಡಿ. ರೀಅಲಕ್ ಕೊಟ್ಟ ಉತ್ತರವನ್ನು ಹಳೆಯ ಪಾಯಿಂಟರ್‌ಗೇ ನೇರವಾಗಿ ಹಾಕಿಕೊಂಡಿದ್ದರೆ, ರೀಅಲಕ್ ಸೋತಾಗ ಅಲ್ಲಿ ನಲ್ ಬಂದು ಹಳೆಯ ಮೆಮೊರಿಯ ವಿಳಾಸವೇ ಕಳೆದುಹೋಗುತ್ತದೆ. ಉತ್ತರವನ್ನು ಬೇರೆ ಪಾಯಿಂಟರ್‌ನಲ್ಲಿ ಹಿಡಿದು, ನೋಡಿ, ಆಮೇಲೆ ಬದಲಿಸಬೇಕು. ಎರಡನೆಯದು ಥ್ರೆಡ್‌ಗಳು. ಜಿಲಿಬ್‌ಸಿಯಲ್ಲಿ ಸಾಮಾನ್ಯವಾಗಿ ಒಂದೊಂದು ಥ್ರೆಡ್ ಸ್ಟ್ಯಾಕ್‌ಗೂ 8 ಎಂಬಿ ವಿಳಾಸ ಮೀಸಲಾಗುತ್ತದೆ. 32 ಬಿಟ್ ಪ್ರೋಸೆಸ್ಸಿಗೆ ಸಿಗುವುದು ಹೆಚ್ಚೆಂದರೆ 3 ಜಿಬಿ ವಿಳಾಸ. ಜಾಯಿನ್ ಮಾಡದೆ, ಡಿಟ್ಯಾಚ್ ಮಾಡದೆ ಬಿಟ್ಟ ಥ್ರೆಡ್‌ಗಳ ಸ್ಟ್ಯಾಕ್ ವಾಪಸ್ ಬರುವುದಿಲ್ಲ. ರ್‍ಯಾಮ್ ಉಳಿದಿರುವಾಗಲೇ ಹೊಸ ಥ್ರೆಡ್ ಹುಟ್ಟದೆ ಹೋಗುವುದು ಹೀಗೆ. ಮೂರನೆಯದು ಮ್ಯಾಲಕ್‌ನ ಅರೀನಾಗಳು. ಹಲವು ಥ್ರೆಡ್‌ಗಳಿರುವ ಪ್ರೋಸೆಸ್ಸಿನಲ್ಲಿ ಜಿಲಿಬ್‌ಸಿ ಹಲವು ಅರೀನಾ ಮಾಡಿಕೊಳ್ಳುತ್ತದೆ; ಫ್ರೀ ಮಾಡಿದ್ದು ಕರ್ನಲ್‌ಗೆ ಹಿಂತಿರುಗದೆ ಅಲ್ಲೇ ಉಳಿಯಬಹುದು. ಮ್ಯಾಲಕ್ ಅರೀನಾ ಮ್ಯಾಕ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನು 1 ಮಾಡಿ ನೋಡಿ. ಆರ್‌ಎಸ್‌ಎಸ್ ಸ್ಥಿರವಾದರೆ ಅದು ಸೋರಿಕೆ ಆಗಿರಲಿಲ್ಲ ಎಂದು ತಿಳಿಯುತ್ತದೆ.

ಹಂತ 5: ಕರ್ನಲ್ ಒಳಗೆ ಸೋರುತ್ತಿದ್ದರೆ

ಕರ್ನಲ್‌ನಲ್ಲಿ ಸೋರಿದ ಮೆಮೊರಿ ಪ್ರೋಸೆಸ್ ಸತ್ತರೂ ವಾಪಸ್ ಬರುವುದಿಲ್ಲ, ರೀಬೂಟ್ ಆಗುವವರೆಗೂ ಹೋದದ್ದು ಹೋದಂತೆಯೇ. ಹೀಗಾಗಿ ಇಲ್ಲಿ ಹೆಚ್ಚು ತಾಳ್ಮೆ ಬೇಕು.

ಸ್ಲ್ಯಾಬ್‌ಇನ್ಫೊದ ಹಳೆಯ ಮತ್ತು ಹೊಸ ನಕಲುಗಳನ್ನು ಪಕ್ಕಪಕ್ಕ ಇಡಿ. ‘ಕೆಮ್ಯಾಲಕ್ 128’ ಎಂಬ ಸಾಲಿನಲ್ಲಿ ಬಳಕೆಯಲ್ಲಿರುವ ಆಬ್ಜೆಕ್ಟ್‌ಗಳು 2,100 ಇದ್ದದ್ದು ಮರುದಿನ 31,000 ಆಗಿದ್ದರೆ, 28,900 ಆಬ್ಜೆಕ್ಟ್ × 128 ಬೈಟ್, ಸುಮಾರು 3.7 ಎಂಬಿ ಒಂದೇ ದಿನದಲ್ಲಿ ಹೋಗಿದೆ. 65ರಿಂದ ಸುಮಾರು 128 ಬೈಟ್‌ವರೆಗಿನ ಸ್ಟ್ರಕ್ಚರ್ ಯಾವ ಡ್ರೈವರ್‌ನಲ್ಲಿದೆ ಎಂದು ಹುಡುಕಲು ಇದೇ ಸುಳಿವು. ಒಂದೇ ಗಾತ್ರದ ಬೇರೆ ಬೇರೆ ಕ್ಯಾಶ್‌ಗಳನ್ನು ಸ್ಲಬ್ ಅಲೊಕೇಟರ್ ಒಟ್ಟಿಗೆ ಸೇರಿಸಿಬಿಡುತ್ತದೆ. ಬೂಟ್ ಸಾಲಿಗೆ ‘ಸ್ಲ್ಯಾಬ್ ನೋಮರ್ಜ್’ ಸೇರಿಸಿದರೆ ಅವು ಬೇರೆ ಬೇರೆಯಾಗಿ ಕಾಣುತ್ತವೆ.

ಮುಂದಿನ ಸಾಧನ ಕೆಮೆಮ್‌ಲೀಕ್. ಕ್ಯಾಟಲಿನ್ ಮರೀನಾಸ್ ಬರೆದ ಇದು 2009ರಲ್ಲಿ 2.6.31 ಕರ್ನಲ್‌ನೊಂದಿಗೆ ಬಂತು. ಕೊಟ್ಟ ಪ್ರತಿ ತುಂಡಿನ ವಿಳಾಸವನ್ನೂ ಬರೆದಿಟ್ಟುಕೊಂಡು, ಆಗಾಗ ಮೆಮೊರಿಯನ್ನೆಲ್ಲ ಜಾಲಾಡಿ, ಆ ವಿಳಾಸ ಎಲ್ಲಾದರೂ ಇದೆಯೇ ಎಂದು ನೋಡುತ್ತದೆ. ಎಲ್ಲೂ ಸಿಗದಿದ್ದರೆ ಆ ತುಂಡನ್ನು ಫ್ರೀ ಮಾಡಲು ಯಾರಿಂದಲೂ ಸಾಧ್ಯವಿಲ್ಲ, ಅಂದರೆ ಸೋರಿಕೆ. ಕರ್ನಲ್ ಕಾನ್ಫಿಗ್‌ನಲ್ಲಿ ಇದನ್ನು ಆನ್ ಮಾಡಿ ಕಟ್ಟಿ, ಡಿಬಗ್‌ಎಫ್‌ಎಸ್ ಮೌಂಟ್ ಮಾಡಿ, ಕೆಮೆಮ್‌ಲೀಕ್ ಫೈಲಿಗೆ ‘ಕ್ಲಿಯರ್’ ಎಂದು ಬರೆಯಿರಿ. ಸಂಶಯವಿರುವ ಕೆಲಸವನ್ನು ನೂರು ಸಲ ಮಾಡಿಸಿ. ಸೆನ್ಸರ್ ತೆರೆದು ಮುಚ್ಚುವುದು, ಯುಎಸ್‌ಬಿ ಸಿಕ್ಕಿಸಿ ತೆಗೆಯುವುದು ಹೀಗೆ. ಆಮೇಲೆ ‘ಸ್ಕ್ಯಾನ್’ ಎಂದು ಎರಡು ಸಲ ಬರೆದು ಫೈಲ್ ಓದಿ. ಮೊದಲ ಸ್ಕ್ಯಾನ್‌ನಲ್ಲಿ ಕ್ಷಣಿಕವಾಗಿ ಕಂಡದ್ದು ಎರಡನೆಯದರಲ್ಲಿ ಮಾಯವಾಗಬಹುದು.

ವರದಿಯಲ್ಲಿ ‘ಅನ್‌ರೆಫರೆನ್ಸ್‌ಡ್ ಆಬ್ಜೆಕ್ಟ್’ ಎಂದು ಶುರುವಾಗಿ ಗಾತ್ರ, ಆಗ ಓಡುತ್ತಿದ್ದ ಪ್ರೋಸೆಸ್ಸಿನ ಹೆಸರು, ಮೊದಲ ಕೆಲವು ಬೈಟ್‌ಗಳು, ಕೊನೆಗೆ ಬ್ಯಾಕ್‌ಟ್ರೇಸ್ ಇರುತ್ತದೆ. ಬ್ಯಾಕ್‌ಟ್ರೇಸನ್ನು ಮೇಲಿನಿಂದ ಓದುತ್ತ, ಕೆಮ್ಯಾಲಕ್ ಸಾಲುಗಳನ್ನು ದಾಟಿದ ಮೇಲೆ ಸಿಗುವ ಮೊದಲ ಡ್ರೈವರ್ ಫಂಕ್ಷನ್ ಹೆಸರೇ ನಿಮಗೆ ಬೇಕಾದದ್ದು. ನೂರು ಸಲ ಮಾಡಿಸಿದ ಕೆಲಸಕ್ಕೆ ನೂರು ವರದಿ ಬಂದರೆ ಅನುಮಾನವೇ ಬೇಡ.

ಆ ಫಂಕ್ಷನ್ ತೆರೆದಾಗ ಹೆಚ್ಚಾಗಿ ಸಿಗುವುದು ತಪ್ಪಿನ ದಾರಿಯ ಮರೆವು. ಮೊದಲು ಒಂದು ಬಫರ್ ತೆಗೆದುಕೊಂಡಿರುತ್ತಾರೆ, ಆಮೇಲೆ ಸೆನ್ಸರ್‌ಗೆ ಕಮಾಂಡ್ ಕಳಿಸಿರುತ್ತಾರೆ. ಕಮಾಂಡ್ ಸೋತರೆ ಎರರ್ ಕೋಡ್‌ನೊಂದಿಗೆ ನೇರವಾಗಿ ರಿಟರ್ನ್. ಬಫರ್ ಹಾಗೇ ಉಳಿಯಿತು. ಲ್ಯಾಬ್‌ನಲ್ಲಿ ಕಮಾಂಡ್ ಸೋಲುವುದೇ ಇಲ್ಲವಾದ್ದರಿಂದ ತಪ್ಪು ಕಾಣಲಿಲ್ಲ. ಉದ್ದದ ಕೇಬಲ್ ಇರುವ ಜಾಗದಲ್ಲಿ ನಿಮಿಷಕ್ಕೊಮ್ಮೆ ಸೋಲುತ್ತದೆ, ನಿಮಿಷಕ್ಕೊಮ್ಮೆ ಸೋರುತ್ತದೆ. ಫಂಕ್ಷನ್ನಿನ ಕೊನೆಯಲ್ಲಿ ಲೇಬಲ್‌ಗಳನ್ನಿಟ್ಟು, ಪಡೆದದ್ದನ್ನು ತಿರುಗು ಕ್ರಮದಲ್ಲಿ ಬಿಡಿಸುತ್ತ ಗೋಟೂ ಮೂಲಕ ಹೊರಬರುವುದು ಕರ್ನಲ್ ಕೋಡ್‌ನ ರೂಢಿ. ಅದನ್ನೇ ಅನುಸರಿಸಿ.

ಇನ್ನೊಂದು ಬಗೆಯ ಸೋರಿಕೆ ಕೆಮೆಮ್‌ಲೀಕ್ ಕಣ್ಣಿಗೂ ಬೀಳುವುದಿಲ್ಲ. ಡೆವ್‌ಎಂ ಎಂದು ಶುರುವಾಗುವ ಅಲೊಕೇಶನ್ ಫಂಕ್ಷನ್‌ಗಳು ಡ್ರೈವರ್ ಕಳಚಿದಾಗ ತಾವೇ ಫ್ರೀ ಮಾಡುತ್ತವೆ. ಪ್ರೋಬ್‌ನಲ್ಲಿ ಒಮ್ಮೆ ಕರೆಯಲೆಂದು ಮಾಡಿದ ಇವನ್ನು ಯಾರಾದರೂ ಓಪನ್ ಫಂಕ್ಷನ್ನಿನಲ್ಲಿ ಕರೆದರೆ, ಪ್ರತಿ ಸಲ ತೆರೆದಾಗಲೂ ಒಂದು ತುಂಡು ಸೇರುತ್ತದೆ. ವಿಳಾಸ ಡಿವೈಸ್‌ನ ಪಟ್ಟಿಯಲ್ಲಿ ಭದ್ರವಾಗಿರುವುದರಿಂದ ಕೆಮೆಮ್‌ಲೀಕ್ ಸುಮ್ಮನಿರುತ್ತದೆ. ಕೋಡ್ ಓದಿಯೇ ಇದನ್ನು ಹಿಡಿಯಬೇಕು. ನೇರವಾಗಿ ತೆಗೆದುಕೊಂಡ ಪೇಜ್‌ಗಳನ್ನೂ ಕೆಮೆಮ್‌ಲೀಕ್ ಲೆಕ್ಕವಿಡುವುದಿಲ್ಲ. ಅದಕ್ಕೆ ಪೇಜ್ ಓನರ್ ಎಂಬ ಸೌಲಭ್ಯ ಆನ್ ಮಾಡಬೇಕು. 2024ರಲ್ಲಿ ಬಂದ 6.10 ಕರ್ನಲ್ ನಿಮ್ಮಲ್ಲಿದ್ದರೆ ಇನ್ನೂ ಅನುಕೂಲ: ಮೆಮೊರಿ ಅಲೊಕೇಶನ್ ಪ್ರೊಫೈಲಿಂಗ್ ಆನ್ ಮಾಡಿದರೆ, ಕೋಡ್‌ನ ಯಾವ ಸಾಲು ಎಷ್ಟು ಬೈಟ್ ಹಿಡಿದಿದೆ ಎಂದು ‘ಅಲಾಕ್‌ಇನ್ಫೊ’ ಫೈಲೇ ಹೇಳುತ್ತದೆ.

ಹಂತ 6: ಮೆಮೊರಿ ಇದ್ದೂ ಸಿಗದಿದ್ದರೆ

ಬಸ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಸೀಟು ಖಾಲಿ ಇದ್ದರೂ ನಾಲ್ಕು ಜನರ ಸಂಸಾರ ಒಟ್ಟಿಗೆ ಕೂರಲಾಗದು. ಫ್ರಾಗ್ಮೆಂಟೇಶನ್ ಎಂದರೆ ಇದೇ. ಬಡಿಇನ್ಫೊ ಫೈಲ್ ಅದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಎಡದಿಂದ ಬಲಕ್ಕೆ ಆರ್ಡರ್ 0, 1, 2 ಎಂಬ ಕ್ರಮದಲ್ಲಿ ಎಷ್ಟೆಷ್ಟು ಗುಂಪು ಖಾಲಿ ಇವೆ ಎಂಬ ಅಂಕಿಗಳು ಅವು. ಒಂದು ಸಾಲು ಹೀಗಿದೆ ಎನ್ನಿ:

1820, 640, 95, 12, 0, 0, 0, 0, 0, 0, 0

ಲೆಕ್ಕ ಮಾಡಿ. 1820 × 4 ಕೆಬಿ, 640 × 8 ಕೆಬಿ, 95 × 16 ಕೆಬಿ, 12 × 32 ಕೆಬಿ. ಒಟ್ಟು 14,304 ಕೆಬಿ. ಸುಮಾರು 14 ಎಂಬಿ ಖಾಲಿ ಇದೆ. ಆದರೂ 64 ಕೆಬಿ ಒಟ್ಟಿಗೆ ಕೇಳಿದ ಡ್ರೈವರ್‌ಗೆ ಕೊಡಲು ಒಂದೂ ಇಲ್ಲ.

ಕಾಂಪ್ಯಾಕ್ಟ್ ಮೆಮೊರಿ ಎಂಬ ವಿಎಂ ಫೈಲಿಗೆ 1 ಬರೆದರೆ ಕರ್ನಲ್ ಪೇಜ್‌ಗಳನ್ನು ಸರಿಸಿ ಜಾಗ ಒಟ್ಟು ಮಾಡಲು ನೋಡುತ್ತದೆ. ಆಮೇಲೆ ಬಲಭಾಗದ ಅಂಕಿಗಳು ಏರಿದರೆ ಕಾರಣ ಖಚಿತವಾದಂತೆ. ಇದು ಪರೀಕ್ಷೆಗೆ ಸರಿ, ಪರಿಹಾರಕ್ಕೆ ಸಾಲದು. ಕರ್ನಲ್‌ನ ಸ್ವಂತ ಪೇಜ್‌ಗಳಲ್ಲಿ ಬಹುಪಾಲು ಜಾಗ ಬಿಟ್ಟು ಕದಲುವುದಿಲ್ಲ. ಪರಿಹಾರ ಇರುವುದು ಡ್ರೈವರ್‌ನಲ್ಲಿ. ದೊಡ್ಡ ಬಫರನ್ನು ಪ್ರತಿ ಸಲ ತೆಗೆದು ಬಿಡುವ ಬದಲು ಬೂಟ್ ಹೊತ್ತಿನಲ್ಲೇ ಒಮ್ಮೆ ತೆಗೆದು ಇಟ್ಟುಕೊಳ್ಳಿ. ಹಾರ್ಡ್‌ವೇರ್‌ಗೆ ಅಂಟಿಕೊಂಡ ಮೆಮೊರಿಯೇ ಬೇಕಿಲ್ಲದಿದ್ದರೆ ಕೆವಿಮ್ಯಾಲಕ್ ಬಳಸಿ. ಒಟ್ಟಿಗೆ ಸಿಗದಿದ್ದರೆ ಅದು ತಾನೇ ವಿಮ್ಯಾಲಕ್‌ಗೆ ಹೋಗುತ್ತದೆ. ಕ್ಯಾಮೆರಾ, ಡಿಸ್‌ಪ್ಲೇಗಳಂಥ ದೊಡ್ಡ ಡಿಎಂಎ ಬೇಡಿಕೆಗೆ ಸಿಎಂಎ ಮೀಸಲು ಇಡಿ. ಅದರ ಗಾತ್ರವನ್ನು ಬೂಟ್ ಸಾಲಿನಲ್ಲೇ ಹೇಳಬಹುದು.

ಹಂತ 7: ಮೆಮೊರಿ ಕೆಟ್ಟಿದ್ದರೆ

ಕೆಲವೊಮ್ಮೆ ಬೇಡಿಕೆ ಸೋಲುವುದಿಲ್ಲ, ಅಲೊಕೇಟರ್ ಒಳಗೇ ಕರ್ನಲ್ ಬೀಳುತ್ತದೆ. ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಬಿದ್ದರೆ, ಯಾರೋ ತಮ್ಮದಲ್ಲದ ಮೆಮೊರಿಯಲ್ಲಿ ಬರೆಯುತ್ತಿದ್ದಾರೆ ಎಂಬ ಅನುಮಾನ ಮೊದಲು ಬರಬೇಕು. ಬ್ಯಾಕ್‌ಟ್ರೇಸ್‌ನಲ್ಲಿ ಹೆಸರಿರುವ ಫಂಕ್ಷನ್ ಇಂಥ ಹೊತ್ತಿನಲ್ಲಿ ಹೆಚ್ಚಾಗಿ ನಿರಪರಾಧಿ.

ಬೂಟ್ ಸಾಲಿನಲ್ಲಿ ಸ್ಲಬ್ ಡಿಬಗ್ ಆಯ್ಕೆಗೆ ಎಫ್, ಜಡ್, ಪಿ, ಯು ಎಂಬ ನಾಲ್ಕು ಅಕ್ಷರ ಕೊಡಿ. ಪರಿಶೀಲನೆ, ತುಂಡಿನ ಅಂಚಿನ ಕಾವಲು, ಗುರುತಿನ ಬೈಟ್ ತುಂಬುವುದು, ಪಡೆದವರ ಮತ್ತು ಬಿಟ್ಟವರ ದಾಖಲೆ, ಈ ನಾಲ್ಕೂ ಶುರುವಾಗುತ್ತವೆ. ಫ್ರೀ ಆದ ಮೆಮೊರಿಯಲ್ಲಿ ಕರ್ನಲ್ ಹೆಕ್ಸ್ 6ಬಿ ಎಂಬ ಬೈಟ್ ತುಂಬುತ್ತದೆ. ಕರ್ನಲ್ ಬಿದ್ದು ಊಪ್ಸ್ ವರದಿ ಬಂದಾಗ ಯಾವುದಾದರೂ ರಿಜಿಸ್ಟರ್‌ನಲ್ಲಿ 6ಬಿ6ಬಿ6ಬಿ6ಬಿ ಎಂದು ಕಂಡರೆ, ಫ್ರೀ ಮಾಡಿದ ಮೇಲೂ ಯಾರೋ ಆ ಪಾಯಿಂಟರ್ ಬಳಸಿದ್ದಾರೆ. ಡ್ರೈವರ್ ಕಳಚಿದ ಮೇಲೂ ಓಡುತ್ತಿರುವ ಟೈಮರ್ ಅಥವಾ ವರ್ಕ್‌ಕ್ಯೂ ಇದೆಯೇ ಎಂದು ಮೊದಲು ನೋಡಿ.

ಇದಕ್ಕಿಂತ ಬಲವಾದ ಸಾಧನ ಕಸಾನ್. 2015ರ 4.0 ಕರ್ನಲ್‌ನಿಂದ ಇದೆ. 32 ಬಿಟ್ ಆರ್ಮ್‌ಗೆ 5.11ರಿಂದ. ತಪ್ಪು ಬರಹ ನಡೆದ ಕ್ಷಣದಲ್ಲೇ ಹಿಡಿದು, ಪಡೆದವರು, ಬಿಟ್ಟವರು, ಮುಟ್ಟಿದವರು ಮೂವರ ಬ್ಯಾಕ್‌ಟ್ರೇಸನ್ನೂ ಕೊಡುತ್ತದೆ. ಮೆಮೊರಿಯ ಎಂಟನೇ ಒಂದು ಭಾಗ ಅದರ ಲೆಕ್ಕಕ್ಕೇ ಬೇಕು, ವೇಗವೂ ಇಳಿಯುತ್ತದೆ. ಅದಕ್ಕಾಗಿ ಹೆಚ್ಚು ರ್‍ಯಾಮ್ ಇರುವ ಅದೇ ಜಾತಿಯ ಬೋರ್ಡ್ ಮೇಲೆ, ಇಲ್ಲವೇ ಕ್ಯುಎಮು ಒಳಗೆ ಓಡಿಸಿ. ಗ್ರಾಹಕರ ಬಳಿ ಇರುವ ಬೋರ್ಡ್‌ಗಳಿಗೆ 5.12ರಲ್ಲಿ ಬಂದ ಕೆಫೆನ್ಸ್ ಸೂಕ್ತ. ಆಗೊಮ್ಮೆ ಈಗೊಮ್ಮೆ ಒಂದೊಂದು ಅಲೊಕೇಶನ್ ಮಾತ್ರ ಕಾಯುವುದರಿಂದ ಅದರ ಭಾರ ಕಡಿಮೆ.

ಹಂತ 8: ಸಾಲದಾದಾಗ ಏನಾಗಬೇಕೆಂದು ನೀವೇ ನಿರ್ಧರಿಸಿ

ಮೆಮೊರಿ ಮುಗಿದಾಗಿನ ನಡವಳಿಕೆಯೂ ವಿನ್ಯಾಸದ ಭಾಗ. ನಾಸಾದ ಸ್ಪಿರಿಟ್ ರೋವರ್ ಇದಕ್ಕೆ ದೊಡ್ಡ ಪಾಠ. 2004ರ ಜನವರಿಯಲ್ಲಿ ಮಂಗಳದ ಮೇಲೆ ಇಳಿದ ಅದು 18ನೇ ಮಂಗಳದಿನದಂದು ತೊಂದರೆಗೆ ಸಿಲುಕಿತು. ವಿಎಕ್ಸ್‌ವರ್ಕ್ಸ್ ಆಪರೇಟಿಂಗ್ ಸಿಸ್ಟಮ್ ಮೇಲೆ ಓಡುತ್ತಿದ್ದ ಅದರ ಫ್ಲ್ಯಾಶ್ ಫೈಲ್ ಸಿಸ್ಟಮ್, ಫೈಲ್‌ಗಳ ಡೈರೆಕ್ಟರಿ ವಿವರವನ್ನು ರ್‍ಯಾಮ್‌ನಲ್ಲಿ ಇಟ್ಟುಕೊಳ್ಳುತ್ತಿತ್ತು. ಫೈಲ್‌ಗಳು ಹೆಚ್ಚಿದಂತೆ ಅದರ ಬೇಡಿಕೆಯೂ ಬೆಳೆಯಿತು. ಹೀಗೆ ಮಿತಿಯಿಲ್ಲದೆ ಬೆಳೆಯಲು ಒಂದು ಸೆಟ್ಟಿಂಗ್ ಬಿಟ್ಟಿತ್ತು. ಮೆಮೊರಿ ಸಿಗದಿದ್ದರೆ ಕೇಳಿದ ಟಾಸ್ಕನ್ನೇ ತಡೆಹಿಡಿಯಬೇಕು ಎಂದು ಇನ್ನೊಂದು ಸೆಟ್ಟಿಂಗ್ ಹೇಳುತ್ತಿತ್ತು. ಟಾಸ್ಕ್ ನಿಂತಿತು, ರೋವರ್ ರೀಬೂಟ್ ಆಯಿತು. ಬೂಟ್ ಆಗುವಾಗ ಫ್ಲ್ಯಾಶ್ ಮೌಂಟ್ ಮಾಡಲು ಅಷ್ಟೇ ಮೆಮೊರಿ ಮತ್ತೆ ಬೇಕಾಯಿತು, ಮತ್ತೆ ರೀಬೂಟ್. ಫ್ಲ್ಯಾಶ್ ಮುಟ್ಟದೆ ಬೂಟ್ ಆಗುವಂತೆ ಭೂಮಿಯಿಂದ ಆದೇಶ ಕಳಿಸಿ, ಬೇಡದ ಫೈಲ್‌ಗಳನ್ನು ಅಳಿಸಿ ಎಂಜಿನಿಯರುಗಳು ಅದನ್ನು ಉಳಿಸಿಕೊಂಡರು. ಆಮೇಲೆ ಅದು 2010ರವರೆಗೂ ಕೆಲಸ ಮಾಡಿತು.

ನಮ್ಮ ಬೋರ್ಡಿಗೆ ಇದರಿಂದ ಕಲಿಯುವುದು ಮೂರು. ಬೆಳೆಯಬಲ್ಲ ಪ್ರತಿಯೊಂದಕ್ಕೂ ಮಿತಿ ಇರಲಿ: ಲಾಗ್‌ಗೆ, ಕ್ಯೂಗೆ, ಟೆಂಪ್‌ಎಫ್‌ಎಸ್‌ಗೆ. ದೊಡ್ಡ ಪ್ರೋಸೆಸ್‌ಗಳನ್ನು ಸಿಗ್ರೂಪ್ ಒಳಗಿಟ್ಟು ಮೆಮೊರಿ ಮ್ಯಾಕ್ಸ್ ಹಾಕಿ. ಯಾರು ಸಾಯಬೇಕು, ಯಾರು ಉಳಿಯಬೇಕು ಎಂಬುದನ್ನು ಊಮ್ ಸ್ಕೋರ್ ಅಡ್ಜಸ್ಟ್‌ನಲ್ಲಿ ಹೇಳಿ. ಅದರ ವ್ಯಾಪ್ತಿ −1000ದಿಂದ 1000. −1000 ಕೊಟ್ಟ ಪ್ರೋಸೆಸ್ಸನ್ನು ಊಮ್ ಕಿಲ್ಲರ್ ಮುಟ್ಟುವುದಿಲ್ಲ. ಇದನ್ನು ವಾಚ್‌ಡಾಗ್ ಪ್ರೋಸೆಸ್‌ನಂಥ ಒಂದೆರಡಕ್ಕೆ ಮಾತ್ರ ಕೊಡಿ. ಕೊನೆಯದಾಗಿ, ರೀಬೂಟ್ ಆದ ಮೇಲೂ ಅದೇ ಸೋಲು ಮರುಕಳಿಸುವಂತಿದ್ದರೆ, ಕನಿಷ್ಠ ಸಂಪರ್ಕದೊಂದಿಗೆ ಏಳುವ ಒಂದು ಸುರಕ್ಷಿತ ಬೂಟ್ ದಾರಿ ಇರಲಿ.

ಓವರ್‌ಕಮಿಟ್ ಮೆಮೊರಿ ಸೆಟ್ಟಿಂಗನ್ನು 2 ಮಾಡಿ, ಮ್ಯಾಲಕ್ ಹೊತ್ತಿನಲ್ಲೇ ಸೋಲು ತಿಳಿಯುವಂತೆ ಮಾಡಬಹುದು. ಆದರೆ ಓವರ್‌ಕಮಿಟ್ ರೇಶಿಯೊ ಮೊದಲಿಗೆ 50 ಇರುತ್ತದೆ. ಸ್ವಾಪ್ ಇಲ್ಲದ ಬೋರ್ಡ್‌ನಲ್ಲಿ ಇದರರ್ಥ ಅರ್ಧ ರ್‍ಯಾಮ್ ಮಾತ್ರ ಕೊಡುತ್ತದೆ ಎಂದು. ಅದನ್ನು ಏರಿಸದೆ 2 ಮಾಡಬೇಡಿ.

ಹಂತ 9: ಸರಿಯಾಯಿತು ಎಂದು ತೋರಿಸಿ

ಹತ್ತು ದಿನಕ್ಕೊಮ್ಮೆ ಬರುವ ತೊಂದರೆ ಎರಡು ದಿನ ಬರಲಿಲ್ಲ ಎಂದರೆ ಏನೂ ಸಾಬೀತಾಗುವುದಿಲ್ಲ. ತೊಂದರೆಯನ್ನು ಬೇಗ ಬರುವಂತೆ ಮಾಡಿ. ಬೂಟ್ ಸಾಲಿನಲ್ಲಿ ಮೆಮ್ 48ಎಂ ಎಂದು ಕೊಟ್ಟರೆ ಕರ್ನಲ್ 48 ಎಂಬಿಯಷ್ಟೇ ಬಳಸುತ್ತದೆ; ವಾರ ಹಿಡಿಯುವ ಸೋಲು ಒಂದೆರಡು ದಿನದಲ್ಲೇ ಕಾಣಬಹುದು. ಹಳೆಯ ಕರ್ನಲ್ ಇದರಲ್ಲಿ ಬೀಳಬೇಕು, ಸರಿಪಡಿಸಿದ್ದು ಉಳಿಯಬೇಕು. ಎರಡನ್ನೂ ಓಡಿಸಿ ನೋಡಿದರೆ ಮಾತ್ರ ಪರೀಕ್ಷೆ ಪೂರ್ತಿ.

ತಪ್ಪಿನ ದಾರಿಗಳನ್ನು ಪರೀಕ್ಷಿಸಲು ಫೇಲ್‌ಸ್ಲ್ಯಾಬ್ ಮತ್ತು ಫೇಲ್ ಪೇಜ್ ಅಲಾಕ್ ಎಂಬ ಸೌಲಭ್ಯಗಳಿವೆ. ನೂರಕ್ಕೆ ಇಷ್ಟು ಬೇಡಿಕೆಗಳನ್ನು ಬೇಕೆಂದೇ ಸೋಲಿಸು ಎಂದು ಕರ್ನಲ್‌ಗೆ ಹೇಳಬಹುದು. ಎಂದೂ ಓಡದ ಎರರ್ ಕೋಡ್ ಆಗ ಓಡುತ್ತದೆ. ಅದರೊಳಗಿನ ಸೋರಿಕೆ ನಿಮ್ಮ ಮೇಜಿನ ಮೇಲೆಯೇ ಸಿಗುತ್ತದೆ.

ಕೊನೆಗೆ, ಸರಿಪಡಿಸಿದ ಪ್ಯಾಚ್‌ನ ಕಮಿಟ್ ಸಂದೇಶದಲ್ಲಿ ಮೂಲ ಲಾಗ್ ಸಾಲು, ಮೊದಲಿನ ಅಂಕಿ, ನಂತರದ ಅಂಕಿ ಮೂರನ್ನೂ ಬರೆಯಿರಿ. ‘ಮೆಮೊರಿ ಸಮಸ್ಯೆ ಸರಿಪಡಿಸಿದೆ’ ಎಂಬ ಒಂದು ಸಾಲಿನಿಂದ ಮುಂದಿನವರಿಗೆ ಏನೂ ದಕ್ಕುವುದಿಲ್ಲ. ಎರಡು ವರ್ಷದ ಮೇಲೆ ಅದೇ ಡ್ರೈವರ್ ತೆರೆಯುವ ಎಂಜಿನಿಯರ್‌ಗೆ ನಿಮ್ಮ ಹುಡುಕಾಟವೆಲ್ಲ ಆ ಸಂದೇಶದಲ್ಲೇ ಸಿಗಬೇಕು.

ಲಕ್ಷಣ ನೋಡಿ, ಹಂತ ಹಿಡಿಯಿರಿ

• ಊಮ್ ಕಿಲ್ಲರ್ ಸಾಲು ಬಂದಿದೆ, ಒಂದು ಪ್ರೋಸೆಸ್ಸಿನ ಆರ್‌ಎಸ್‌ಎಸ್ ದೊಡ್ಡದಿದೆ: ಹಂತ 4.

• ಊಮ್ ಕಿಲ್ಲರ್ ಸಾಲು ಬಂದಿದೆ, ಯಾವ ಪ್ರೋಸೆಸ್ಸೂ ದೊಡ್ಡದಿಲ್ಲ: ಎಸ್‌ಎಚ್‌ಮೆಮ್ ನೋಡಿ, ಆಮೇಲೆ ಹಂತ 5.

• ಪೇಜ್ ಅಲೊಕೇಶನ್ ಫೇಲ್ಯೂರ್, ಆರ್ಡರ್ 4 ಅಥವಾ ಹೆಚ್ಚು: ಹಂತ 6.

• ಅದೇ ಸಾಲು, ಆರ್ಡರ್ 0, ಗುರುತು ಅಟಾಮಿಕ್: ಮಿನ್ ಫ್ರೀ ಕೆಬೈಟ್ಸ್ ಏರಿಸಿ, ಡ್ರೈವರ್‌ನ ಬಫರ್‌ಗಳ ಸಂಖ್ಯೆ ನೋಡಿ.

• ಥ್ರೆಡ್ ಹುಟ್ಟುತ್ತಿಲ್ಲ, ರ್‍ಯಾಮ್ ಖಾಲಿ ಇದೆ: ಸ್ಟ್ಯಾಕ್ ಗಾತ್ರ, ಜಾಯಿನ್ ಆಗದ ಥ್ರೆಡ್‌ಗಳು.

• ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಊಪ್ಸ್: ಹಂತ 7.